ತೂಕ ಇಳಿಸುವ ಪ್ರಶ್ನೆಗಳಿಗೆ ನಾನು ಉತ್ತರಿಸುವ ಬಗೆ

ಪಥ್ಯಾಹಾರ ತಜ್ಞೆಯಾಗಿ ನಾನು ದಿನನಿತ್ಯ ಎದುರಿಸುವ ಪ್ರಶ್ನೆಗಳು ಹೆಚ್ಚೇನೂ ಬದಲಾಗುವುದಿಲ್ಲ. ರಾತ್ರಿ ಎಷ್ಟು ಗಂಟೆಯೊಳಗೆ ಉಣ್ಣಬೇಕು, ಹೊಟ್ಟೆಯ ಬೊಜ್ಜು ಮಾತ್ರ ಕರಗಲು ಏನು ತಿನ್ನಬೇಕು, ಕೊಬ್ಬು ಬಿಡಬೇಕೋ ಪಿಷ್ಟ (ಕಾರ್ಬೊಹೈಡ್ರೇಟ್) ಬಿಡಬೇಕೋ, ಇಷ್ಟು ಕಡಿಮೆ ತಿಂದರೂ ತೂಕ ಏಕೆ ಇಳಿಯುತ್ತಿಲ್ಲ ಎಂದು ಜನ ಕೇಳುತ್ತಾರೆ. ಪ್ರಶ್ನೆಗಳೆಲ್ಲ ‘ಯಾವುದು’ ಮತ್ತು ‘ಯಾವಾಗ’ ಎಂಬುದರ ಸುತ್ತ ಇದ್ದರೂ ಉತ್ತರ ಬಹುಮಟ್ಟಿಗೆ ‘ಎಷ್ಟು’ ಮತ್ತು ‘ಎಷ್ಟು ಕಾಲ’ ಎಂಬುದರಲ್ಲಿ ಇರುತ್ತದೆ. ಆದ್ದರಿಂದ ಕೇಳಿದವರ ದಿನಚರಿ, ಅವರು ತಿನ್ನುವ ಪ್ರಮಾಣ ಮತ್ತು ತೆಗೆದುಕೊಳ್ಳುತ್ತಿರುವ ಔಷಧಗಳನ್ನು ತಿಳಿದುಕೊಳ್ಳದೆ ನಾನು ಯಾವ ಆಹಾರದ ಬಗ್ಗೆಯೂ ಒಳ್ಳೆಯದು, ಕೆಟ್ಟದ್ದು ಎಂಬ ಮಾತನ್ನು ಆಡುವುದಿಲ್ಲ.

“ಮೊದಲ ವಾರವೇ ಎರಡು ಕಿಲೋ ಇಳಿದಿದ್ದೆ, ಆಮೇಲೆ ಮುಳ್ಳು ಅಲುಗಾಡಲೇ ಇಲ್ಲ” ಎಂಬ ದೂರಿಗೆ ನಾನು ಕಾಗದದ ಮೇಲೆ ಲೆಕ್ಕ ಬರೆದೇ ಉತ್ತರಿಸುತ್ತೇನೆ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂನಷ್ಟು ಪಿಷ್ಟವು ಗ್ಲೈಕೊಜನ್ ರೂಪದಲ್ಲಿ ಸಂಗ್ರಹವಾಗಿರುತ್ತದೆ. ಅದರ ಪ್ರತಿ ಗ್ರಾಮಿನ ಜೊತೆಗೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಊಟವನ್ನು, ಅದರಲ್ಲೂ ಧಾನ್ಯ ಮತ್ತು ಸಕ್ಕರೆಯನ್ನು, ಒಮ್ಮೆಲೇ ಕಡಿತಗೊಳಿಸಿದಾಗ ದೇಹವು ಮೊದಲು ಈ ಸಂಗ್ರಹಕ್ಕೆ ಕೈಹಾಕುತ್ತದೆ, ಅದು ಹಿಡಿದಿಟ್ಟುಕೊಂಡಿದ್ದ ನೀರು ಮೂತ್ರದಲ್ಲಿ ಹೊರಹೋಗುತ್ತದೆ, ತೂಕದ ಯಂತ್ರ ಸಂತಸದ ಸುದ್ದಿ ಹೇಳುತ್ತದೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ, ವಾರದಲ್ಲಿ ಎರಡು ಕಿಲೋ ಕೊಬ್ಬನ್ನೇ ಕಳೆದುಕೊಳ್ಳಬೇಕಾದರೆ ದಿನಕ್ಕೆ 2,200 ಕ್ಯಾಲೊರಿಗಳ ಕೊರತೆ ಬೇಕಾಗುತ್ತದೆ; ಅನೇಕ ವಯಸ್ಕರು ಇಡೀ ದಿನದಲ್ಲಿ ವ್ಯಯಿಸುವುದೇ ಸುಮಾರು ಅಷ್ಟು. ಇದನ್ನು ಬರೆದು ತೋರಿಸಿದ ಮೇಲೆ ಮೊದಲ ವಾರದ ಹಿಗ್ಗೂ ಎರಡನೆಯ ವಾರದ ನಿರಾಶೆಯೂ ಒಂದು ಮಟ್ಟಕ್ಕೆ ಬರುತ್ತವೆ.

ಇದೇ ಕಾರಣಕ್ಕೆ ನಾನು ಒಂದು ದಿನದ ತೂಕವನ್ನು ನಂಬುವುದಿಲ್ಲ. ಹಿಂದಿನ ದಿನದ ಉಪ್ಪು, ಮಲಬದ್ಧತೆ, ಮುಟ್ಟಿನ ದಿನಗಳು, ಹೊಸದಾಗಿ ಆರಂಭಿಸಿದ ವ್ಯಾಯಾಮದಿಂದ ಬಂದ ಸ್ನಾಯುನೋವು, ಇವೆಲ್ಲವೂ ದೇಹದ ನೀರನ್ನು ಏರಿಳಿಸಿ ಒಂದೆರಡು ಕಿಲೋದಷ್ಟು ವ್ಯತ್ಯಾಸ ತೋರಿಸಬಲ್ಲವು. ಬೆಳಿಗ್ಗೆ ಶೌಚದ ನಂತರ, ಏನನ್ನೂ ತಿನ್ನುವ ಮೊದಲು ತೂಕ ನೋಡಿ ಬರೆದಿಟ್ಟು, 7 ದಿನಗಳ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಲು ಹೇಳುತ್ತೇನೆ. ನಿತ್ಯ ತೂಕ ನೋಡಿದರೆ ಮನಸ್ಸು ಕುಗ್ಗುವವರಿಗೆ ಈ ಕ್ರಮ ಬೇಡ. ಅಂಥವರು ಸೊಂಟದ ಸುತ್ತಳತೆಯನ್ನು ಆಗಾಗ ಅಳೆದುಕೊಂಡರೆ ಸಾಕಾಗುತ್ತದೆ.

ಎಲ್ಲಕ್ಕಿಂತ ಎಚ್ಚರಿಕೆಯಿಂದ ಉತ್ತರಿಸಬೇಕಾದದ್ದು “ನಾನು ತಿನ್ನುವುದೇ ಇಲ್ಲ, ಆದರೂ ಇಳಿಯುವುದಿಲ್ಲ” ಎನ್ನುವವರಿಗೆ. ಇವರನ್ನು ಸುಳ್ಳುಗಾರರೆಂದು ನೋಡಿದ ಕ್ಷಣವೇ ಮುಂದಿನ ಮಾತುಕತೆ ವ್ಯರ್ಥವಾಗುತ್ತದೆ. ಅಮೆರಿಕದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯದೆಂದು ಹೇಳುತ್ತಿದ್ದ 10 ಮಂದಿಯ ಶಕ್ತಿವ್ಯಯವನ್ನು, ಗುರುತು ಹಾಕಿದ ಪರಮಾಣುಗಳಿರುವ ನೀರನ್ನು ಕುಡಿಸಿ ಅದು ದೇಹದಿಂದ ಹೊರಹೋಗುವ ವೇಗದಿಂದ ಲೆಕ್ಕಹಾಕುವ ವಿಧಾನದಲ್ಲಿ ಅಳೆದಾಗ, ಅವರ ಚಯಾಪಚಯ ಸಹಜವಾಗಿಯೇ ಇತ್ತು. ಆದರೆ ಅವರು ತಾವು ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆಯಾಗಿಯೂ, ದೈಹಿಕ ಚಟುವಟಿಕೆಯನ್ನು 51 ಶೇಕಡಾ ಹೆಚ್ಚಾಗಿಯೂ ವರದಿ ಮಾಡಿದ್ದರು. ಗುಂಪು ಚಿಕ್ಕದಾದರೂ ಆ ಫಲಿತಾಂಶ ನನ್ನ ಅನುಭವಕ್ಕೆ ಹೊಂದುತ್ತದೆ. ತಿಂದದ್ದನ್ನು ಕಡಿಮೆಯಾಗಿ ಎಣಿಸುವುದು ಮನುಷ್ಯರ ನೆನಪಿನ ಸಾಮಾನ್ಯ ಗುಣವೇ ಹೊರತು ಯಾರೊಬ್ಬರ ಚಾರಿತ್ರ್ಯದ ದೋಷವಲ್ಲ. ಆಹಾರತಜ್ಞರೂ ಇದರಿಂದ ಹೊರತಾಗಿಲ್ಲ.

ಹೀಗಾಗಿ ನಾನು “ನಿನ್ನೆ ಏನು ತಿಂದಿರಿ” ಎಂದು ಕೇಳುವುದನ್ನು ಕಡಿಮೆ ಮಾಡಿ, ಬಾಯಿಗಿಡುವ ಮೊದಲೇ ಬರೆಯಲು ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದಿಡಲು ಹೇಳುತ್ತೇನೆ; ರಜೆಯ ದಿನಗಳೂ ಸೇರಿರಬೇಕು ಎಂಬುದು ಏಕೈಕ ಷರತ್ತು. ಆ ದಾಖಲೆ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಎಣ್ಣೆಯ ಕಡೆಗೆ, ಏಕೆಂದರೆ ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನು 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಮತ್ತು ಅಡುಗೆಯಲ್ಲಿ ಬೆರೆತುಹೋದ ಎಣ್ಣೆ ತಟ್ಟೆಯಲ್ಲಿ ಕಾಣುವುದಿಲ್ಲ. ಆನಂತರ ಸಿಹಿ ಪಾನೀಯಗಳು, ಹಣ್ಣಿನ ರಸ, ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದನ್ನು ಮುಗಿಸಿದ್ದು, ಆರೋಗ್ಯಕರವೆಂಬ ಹೆಸರಿನಲ್ಲಿ ಅಳತೆಯಿಲ್ಲದೆ ತಿಂದ ಬೀಜಗಳು. ಥೈರಾಯ್ಡ್ ಕೊರತೆಯ ಅನುಮಾನವಿದ್ದರೆ ರಕ್ತಪರೀಕ್ಷೆಗೆ ಕಳುಹಿಸುತ್ತೇನೆ, ಆದರೆ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋದಷ್ಟು, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಯಾವ ಡಯಟ್ ಶ್ರೇಷ್ಠ ಎಂಬ ವಾದದಲ್ಲಿ ನಾನು ಯಾವ ಪಕ್ಷಕ್ಕೂ ಸೇರಿದವಳಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಡಿಮೆ ಕೊಬ್ಬಿನ, ಇನ್ನೊಂದಕ್ಕೆ ಕಡಿಮೆ ಪಿಷ್ಟದ ಆಹಾರವನ್ನು ಒಂದು ವರ್ಷ ಸೂಚಿಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸರಾಸರಿ ಇಳಿಕೆ ಕ್ರಮವಾಗಿ 5.3 ಮತ್ತು 6.0 ಕಿಲೋ, ಅಂದರೆ ಗಣನೀಯ ವ್ಯತ್ಯಾಸವಿರಲಿಲ್ಲ. ಒಂದೇ ಗುಂಪಿನೊಳಗೆ ಮಾತ್ರ ಬಹಳಷ್ಟು ಇಳಿದವರೂ ಇದ್ದರು, ಏರಿದವರೂ ಇದ್ದರು. ಇದನ್ನು ಆಧಾರವಾಗಿಟ್ಟುಕೊಂಡು ನಾನು ಕೇಳುವುದಿಷ್ಟೇ: ಮುಂದಿನ ವರ್ಷವೂ ಹೀಗೆಯೇ ಉಣ್ಣಲು ನಿಮಗೆ ಸಾಧ್ಯವೇ? ಆದರೆ ಆಹಾರದ ಸಂಸ್ಕರಣೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು ಸಡಿಲವಾಗಿಲ್ಲ. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಸಂಶೋಧನಾ ಕೇಂದ್ರದಲ್ಲಿಯೇ ಇರಿಸಿ, ಎರಡು ವಾರ ಅತಿಸಂಸ್ಕರಿತ (ಕಾರ್ಖಾನೆಯಲ್ಲಿ ತಯಾರಾದ ಸಿದ್ಧ) ಆಹಾರವನ್ನೂ ಎರಡು ವಾರ ಸಂಸ್ಕರಿಸದ ಆಹಾರವನ್ನೂ ಬೇಕಾದಷ್ಟು ತಿನ್ನಲು ಬಿಟ್ಟರು. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮವಾಗಿದ್ದರೂ ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ತಿಂದರು. ಹಸಿವನ್ನು ಮನೋಬಲದಿಂದ ಗೆಲ್ಲುವಂತೆ ಹೇಳುವುದಕ್ಕಿಂತ ಪೊಟ್ಟಣದ ತಿಂಡಿಯನ್ನು ಮನೆಗೆ ತರಬೇಡಿ ಎನ್ನುವುದು ಹೆಚ್ಚು ಪ್ರಾಮಾಣಿಕ ಸಲಹೆಯೆಂದು ನಾನು ಭಾವಿಸುತ್ತೇನೆ.

ಪ್ರೋಟೀನಿನ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರವಿದೆ. ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.8 ಗ್ರಾಂ ಕನಿಷ್ಠ ಶಿಫಾರಸು. ತೂಕ ಇಳಿಸುವ ಅವಧಿಯಲ್ಲಿ ಸ್ನಾಯು ಕರಗದಂತೆ ನಾನು 1.2 ಗ್ರಾಂ ಅಥವಾ ಅದಕ್ಕಿಂತ ತುಸು ಹೆಚ್ಚನ್ನು ಸೂಚಿಸಿ, ಜೊತೆಗೆ ಭಾರ ಎತ್ತುವ ವ್ಯಾಯಾಮವನ್ನೂ ಹೇಳುತ್ತೇನೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಅಂಕಿ ಅನ್ವಯಿಸುವುದಿಲ್ಲ.

ಕೆಲವು ಪ್ರಶ್ನೆಗಳಿಗೆ ಒಂದೊಂದೇ ವಾಕ್ಯ ಸಾಕು. ಬೆಳಗಿನ ಬಿಸಿನೀರು ಕೊಬ್ಬನ್ನು ಕರಗಿಸುವುದಿಲ್ಲ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಸ್ನಾಯು ಬಲಗೊಳ್ಳುತ್ತದೆ, ಅದರ ಮೇಲಿನ ಬೊಜ್ಜು ಮಾತ್ರ ಆಯ್ದು ಕರಗುವುದಿಲ್ಲ. ರಾತ್ರಿ ಬೇಗ ಉಣ್ಣುವುದರಿಂದ ಅನೇಕರಿಗೆ ಲಾಭವಾಗುವುದು ತಡರಾತ್ರಿಯ ಕುರುಕಲು ತಾನಾಗಿಯೇ ತಪ್ಪುವುದರಿಂದ. ಕ್ಯಾಲೊರಿರಹಿತ ಸಿಹಿಕಾರಕಗಳನ್ನು ತೂಕ ನಿಯಂತ್ರಣದ ಸಾಧನವಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ.

ಎಷ್ಟು ಇಳಿಯಬೇಕು ಎಂದು ಕೇಳುವವರು ಸಾಮಾನ್ಯವಾಗಿ ತಮ್ಮ ಯೌವನದ ತೂಕವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅವರಿಗೆ ನಾನು 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಪ್ರಯೋಗದ ಮಾತು ಹೇಳುತ್ತೇನೆ. ಅಲ್ಲಿ ಇಟ್ಟುಕೊಂಡ ಗುರಿ ತೂಕದಲ್ಲಿ 7 ಶೇಕಡಾ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ ಮಾತ್ರ. ಅಷ್ಟರಿಂದಲೇ ಮಧುಮೇಹಕ್ಕೆ ತುತ್ತಾಗುವವರ ಪ್ರಮಾಣ 58 ಶೇಕಡಾ ತಗ್ಗಿತು. ವಾರಕ್ಕೆ ಅರ್ಧ ಕಿಲೋದ ಆಸುಪಾಸಿನಲ್ಲಿ ಇಳಿದರೆ ಸಾಕು. ತೀರಾ ವೇಗವಾಗಿ ಇಳಿದವರಲ್ಲಿ ಪಿತ್ತಕೋಶದ ಕಲ್ಲುಗಳ ಸಾಧ್ಯತೆ ಹೆಚ್ಚುತ್ತದೆ. ದೇಹ ಹಗುರವಾದಂತೆ ಅದರ ಶಕ್ತಿಯ ಖರ್ಚೂ ತಗ್ಗುವುದರಿಂದ ಇಳಿಕೆ ಕ್ರಮೇಣ ನಿಧಾನವಾಗುತ್ತದೆ, ಹಸಿವು ಹೆಚ್ಚುತ್ತದೆ, ಹಾಗಾಗಿ ಇಳಿದ ತೂಕವನ್ನು ಉಳಿಸಿಕೊಳ್ಳುವ ಕಾಲವನ್ನೂ ಯೋಜನೆಯೊಳಗೆ ಸೇರಿಸಿಯೇ ಮೊದಲ ದಿನ ಮಾತನಾಡುತ್ತೇನೆ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ವಿಷಯದಲ್ಲೂ ಇದೇ ಮಾತು: ಅವುಗಳಲ್ಲೊಂದಾದ ಸೆಮಾಗ್ಲುಟೈಡ್‌ನ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ 15 ಶೇಕಡಾದಷ್ಟು ತೂಕ ಇಳಿದಿತ್ತು, ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಭಾಗ ಮರಳಿ ಬಂದಿತು.

ಕೆಲವರಿಗೆ ನಾನು ಆಹಾರದ ಪಟ್ಟಿ ಕೊಡುವುದಿಲ್ಲ. ಗರ್ಭಿಣಿಯರು, ತಿಂದು ವಾಂತಿ ಮಾಡಿಕೊಳ್ಳುವವರು, ಊಟವೆಂದರೆ ಅಂಜುವವರು ಬೇರೆಯೇ ಆರೈಕೆಗೆ ಹೋಗಬೇಕಾದವರು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದಾದ್ದರಿಂದ, ಅವರ ವೈದ್ಯರು ಔಷಧದ ಪ್ರಮಾಣವನ್ನು ಸರಿಹೊಂದಿಸಿದ ಮೇಲಷ್ಟೇ ನನ್ನ ಕೆಲಸ ಆರಂಭವಾಗುತ್ತದೆ. ಇನ್ನು ಯಾವ ಪ್ರಯತ್ನವೂ ಇಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ 5 ಶೇಕಡಾಕ್ಕಿಂತ ಹೆಚ್ಚು ತೂಕ ಕಳೆದುಕೊಂಡು, ಅದನ್ನೇ ಅದೃಷ್ಟವೆಂದು ಭಾವಿಸಿ “ಇನ್ನೂ ಸ್ವಲ್ಪ ಇಳಿಸಲು ಏನು ಮಾಡಲಿ” ಎಂದು ಕೇಳುವವರಿಗೆ ನಾನು ಕೊಡುವುದು ವೈದ್ಯರ ಹೆಸರಿಗೆ ಬರೆದ ಒಂದು ಚೀಟಿಯನ್ನು ಮಾತ್ರ.