ಆರೋಗ್ಯದ ಮಾತು ಬಿಟ್ಟ ಮೇಲೆ ಜನ ನಡೆದರು

ಆಫೀಸಿನ ಜನಕ್ಕೆ ಆರೋಗ್ಯದ ಅಭ್ಯಾಸ ಹಿಡಿಸುವ ನನ್ನ ಮೂರನೇ ಪ್ರಯತ್ನದ ಸುದ್ದಿ ಕೇಳಿ, "ಇದೆಲ್ಲ ಒಂದು ತಿಂಗಳ ಆಟ ಬಿಡಿ" ಎಂದಿದ್ದರು ನಮ್ಮ ಫೈನಾನ್ಸ್‌ನವರು. ಅವರದ್ದೇನೂ ತಪ್ಪಿಲ್ಲ. ಎಚ್‌ಆರ್‌ನಲ್ಲಿ ಕೂತು ಅದಕ್ಕೂ ಮುಂಚೆ ಎರಡು ವರ್ಷ ನಾನು ದುಡ್ಡು ಕಳೆದದ್ದೇ ಹಾಗಿತ್ತು.

ಮೊದಲ ವರ್ಷ ಬಜೆಟ್ಟಿನ ಮುಕ್ಕಾಲು ಪಾಲು ಜಿಮ್ ಸದಸ್ಯತ್ವಕ್ಕೆ ಹೋಯಿತು. 180 ಜನರಲ್ಲಿ ಮೂರನೇ ತಿಂಗಳಿಗೆ ಉಳಿದವರು 12–13 ಮಂದಿ. ಅವರೂ ಮೊದಲಿಂದಲೇ ಜಿಮ್‌ಗೆ ಹೋಗುತ್ತಿದ್ದವರು! ಮರುವರ್ಷ ಹೆಜ್ಜೆ ಎಣಿಸುವ ಸ್ಪರ್ಧೆ. ದಿನಕ್ಕೆ 10,000. (ಆ ಅಂಕಿ ಬಂದದ್ದು 1965ರಲ್ಲಿ ಜಪಾನಿನ ಒಂದು ಪೆಡೋಮೀಟರಿನ, ಅಂದರೆ ಹೆಜ್ಜೆ ಎಣಿಸುವ ಸಾಧನದ, ಹೆಸರಿನಿಂದ ಅಂತ ಆಮೇಲೆ ಗೊತ್ತಾಯಿತು.) ಒಬ್ಬ ಮೀಟಿಂಗ್‌ನಲ್ಲಿ ಮೇಜಿನ ಕೆಳಗೆ ಕೈಯಲ್ಲಿ ಬ್ಯಾಂಡ್ ಹಿಡಿದು ಅಲ್ಲಾಡಿಸುತ್ತಿದ್ದ. ಅವನೇ ಗೆದ್ದ. ಬಹುಮಾನ ನಿಂತ ವಾರವೇ ಎಲ್ಲರ ನಡಿಗೆಯೂ ನಿಂತಿತು.

ಮೂರನೇ ಸಲ ಆರೋಗ್ಯ ಅನ್ನುವ ಪದವನ್ನೇ ಬಿಟ್ಟೆ. ನಿಮಗೆ ಮುಖ್ಯ ಯಾವುದು ಎಂದು ಕೇಳಿದೆ. ಅಲ್ಲೂ ಎಡವಿದೆ. ಮೌಲ್ಯಗಳ ಪಟ್ಟಿ ಪ್ರಿಂಟ್ ಮಾಡಿ ಕೊಟ್ಟರೆ ಎಲ್ಲರೂ 'ಕುಟುಂಬ', 'ಪ್ರಾಮಾಣಿಕತೆ'ಗೆ ಟಿಕ್ ಹಾಕಿ ಎದ್ದರು. ಬೋರ್ಡಿಗೆ ಅಂಟಿಸಲು ಹೇಳಿದರೆ ಬಾಸ್‌ಗೆ ಇಷ್ಟವಾಗುವುದನ್ನೇ ಬರೆದರು. ಕೊನೆಗೆ ಖಾಲಿ ಕಾರ್ಡ್ ಕೊಟ್ಟೆ. ಹೋದ ವಾರ ಯಾವ ವಿಷಯಕ್ಕೆ ಸಿಟ್ಟು ಬಂತು ಅಂತ ಬರೆಯಿರಿ, ನಿಮ್ಮ ಜೇಬಲ್ಲೇ ಇಟ್ಟುಕೊಳ್ಳಿ ಎಂದೆ. ಸಿಟ್ಟು ಬಂದ ಕಡೆ ಮೌಲ್ಯ ಇರುತ್ತೆ, ಅಲ್ವಾ?

ಅಕೌಂಟ್ಸ್‌ನ ಒಬ್ಬರು ತಾವಾಗಿ ತಂದು ತೋರಿಸಿದರು: "ಹೇಳಿದ ಟೈಮಿಗೆ ಬರದವರು." ಅವರಿಗೆ ವ್ಯಾಯಾಮದ ಸುದ್ದಿಯನ್ನೇ ಎತ್ತಲಿಲ್ಲ. ಊಟ ಆದ ಮೇಲೆ 1:40ಕ್ಕೆ ಮೆಟ್ಟಿಲ ಹತ್ತಿರ ಸಿಗುತ್ತೇನೆ ಎಂದು ಪಕ್ಕದ ಸೀಟಿನವರಿಗೆ ಮಾತು ಕೊಡಿಸಿದೆ, ಅಷ್ಟೇ. ಮಳೆ ಬಂದ ದಿನವೂ ತಪ್ಪಿಸಿಲ್ಲ, ಕಾರಿಡಾರಿನಲ್ಲೇ 15 ನಿಮಿಷ ತಿರುಗುತ್ತಾರೆ. ದುಡ್ಡು ಪೋಲಾದರೆ ಉರಿದುಬೀಳುವ ಇನ್ನೊಬ್ಬರು ತಮ್ಮ ಸಿಗರೇಟಿನ ವರ್ಷದ ಲೆಕ್ಕ ಹಾಕಿ ಅರ್ಧಕ್ಕೆ ಇಳಿಸಿದರು. ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ?

ನಡುವೆ ದಿನಾ ನೆನಪಿನ ಮೆಸೇಜ್ ಕಳಿಸಿ ನೋಡಿದೆ. ಜನ ಮ್ಯೂಟ್ ಮಾಡಿದರು, ನಿಲ್ಲಿಸಿದೆ.

ಎಂಟು ತಿಂಗಳಾಯಿತು. ಮೊದಲ ಬ್ಯಾಚಿನ 60 ಜನರಲ್ಲಿ ಸುಮಾರು 35 ಮಂದಿ ಇನ್ನೂ ಬಿಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಹೇಳುವ ವಾರಕ್ಕೆ 150 ನಿಮಿಷದ ವ್ಯಾಯಾಮವನ್ನು ಅರ್ಧದಷ್ಟು ಜನ ಮುಟ್ಟಿರಬಹುದು. ಖರ್ಚು ಜಿಮ್‌ಗೆ ಸುರಿದ ದುಡ್ಡಿನ ಹತ್ತನೇ ಒಂದು ಪಾಲೂ ಇಲ್ಲ. ಎರಡನೇ ವಾರ ಒಬ್ಬೊಬ್ಬರನ್ನೇ ಕೂರಿಸಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಫೈನಾನ್ಸ್‌ನವರು ಮೊನ್ನೆ ಬಂದು ಒಂದು ಕಾರ್ಡ್ ಕೇಳಿದರು. "ಖರ್ಚಿನ ಲೆಕ್ಕಕ್ಕೆ, ಸುಮ್ನೆ" ಅಂದರು. ಇನ್ನೂ ವಾಪಸ್ ಕೊಟ್ಟಿಲ್ಲ.