ಎರಡು ಹಾಳೆ, ನಡುವೆ ಸಮುದ್ರ: ಕ್ರಾಂತಿಯ ಪಾಠ ನಾನು ಮಾಡುವ ರೀತಿ

ಫ್ರಾನ್ಸಿನ ಕ್ರಾಂತಿಯ ಪಾಠವನ್ನು ನಾನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಮೊದಲ ಆರು ವರ್ಷ ಎಲ್ಲರ ಹಾಗೇ ಮಾಡಿದೆ. ಬೋರ್ಡಿನ ಎಡಗಡೆ ಕಾರಣಗಳು, ಬಲಗಡೆ ಪರಿಣಾಮಗಳು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲೂ ಸರಿಯಾಗಿಯೇ ಬರೆಯುತ್ತಿದ್ದರು. ಆಮೇಲೊಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮೇಡಂ, ಮನುಷ್ಯರೆಲ್ಲ ಸಮಾನರು ಅಂತ 1789ರಲ್ಲೇ ಬರೆದರು ಅಂದ್ರಿ. ಮತ್ತೆ ಗುಲಾಮಗಿರಿ ತೆಗೆಯೋಕೆ 1794ರವರೆಗೆ ಯಾಕೆ ಕಾದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾಠದಲ್ಲಿ ಎರಡೂ ಇಸವಿ ಇದ್ದವು, ನಡುವಿನ ಐದು ವರ್ಷ ಇರಲಿಲ್ಲ. ನಾಳೆ ಹೇಳ್ತೀನಿ ಅಂದೆ. ಮರುದಿನವೂ ಹೇಳಲಾಗಲಿಲ್ಲ.

ಆ ರಜೆಯಲ್ಲಿ ಕೂತು ಓದಿದೆ. ಉತ್ತರ ಪ್ಯಾರಿಸ್ಸಿನಲ್ಲಿ ಇರಲೇ ಇಲ್ಲ. ಅದು ಸಮುದ್ರದ ಆಚೆ, ಕೆರಿಬಿಯನ್ನಿನ ಸಾಂ ಡೊಮಿಂಗ್ ಎಂಬ ವಸಾಹತಿನಲ್ಲಿತ್ತು. ಈಗ ನಾವು ಹೈಟಿ ಎನ್ನುವ ನಾಡು. ಆ ಕಾಲಕ್ಕೆ ಫ್ರಾನ್ಸಿನ ಕೈಯಲ್ಲಿದ್ದ ಅತಿ ಶ್ರೀಮಂತ ವಸಾಹತು ಅದೇ. ಯುರೋಪು ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕಿಂತ ಜಾಸ್ತಿ, ಸಕ್ಕರೆಯಲ್ಲಿ ಸುಮಾರು ಶೇಕಡಾ 40 ಅಲ್ಲಿಂದ ಬರುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಸುಮಾರು 5 ಲಕ್ಷ ಗುಲಾಮರು. ಅವರಲ್ಲಿ ಬಹಳಷ್ಟು ಜನ ಆಫ್ರಿಕಾದಲ್ಲೇ ಹುಟ್ಟಿ, ಹಡಗಿನಲ್ಲಿ ಸರಕಿನಂತೆ ಬಂದಿಳಿದವರು. ಕಬ್ಬಿನ ಸುಗ್ಗಿಯಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ನಿದ್ದೆಗಣ್ಣಿನಲ್ಲಿ ಕಬ್ಬು ಕೊಡುವವರ ಕೈ ಗಾಣಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಹಾಗೆ ಸಿಕ್ಕ ಕೈಯನ್ನು ಕಡಿದು ಜೀವ ಉಳಿಸುವುದಕ್ಕೆ ಕೆರಿಬಿಯನ್ನಿನ ಗಾಣಗಳ ಪಕ್ಕ ಒಂದು ಕತ್ತಿ ಇಟ್ಟಿರುತ್ತಿದ್ದರು. ಇದನ್ನು ಓದಿದ ದಿನ ಮುಂದೆ ಓದಲಾಗಲಿಲ್ಲ.

ಮುಂದಿನ ವರ್ಷದಿಂದ ಪಾಠವನ್ನು ಗೋಡೆಗೆ ತಂದೆ. ಚಾರ್ಟ್ ಪೇಪರ್ ಅಂಟಿಸಿ ಎರಡು ಉದ್ದದ ಹಾಳೆ ಮಾಡುತ್ತೇವೆ. ಮೇಲಿನದು ಪ್ಯಾರಿಸ್, ಕೆಳಗಿನದು ಸಾಂ ಡೊಮಿಂಗ್. ನಡುವೆ ಒಂದು ಮೊಳ ಜಾಗ ಬಿಡುತ್ತೇವೆ, ಅದು ಸಮುದ್ರ. ಹಾಳೆಯ ಮೇಲೆ ವರ್ಷಕ್ಕೆ ಒಂದು ಗೇಣು. ಗೇಣಿಗೆ ಹನ್ನೆರಡು ಬೆರಳು, ವರ್ಷಕ್ಕೆ ಹನ್ನೆರಡು ತಿಂಗಳು. ಹಾಗಾಗಿ ತಿಂಗಳಿಗೊಂದು ಬೆರಳಗಲ. ಮಕ್ಕಳು ಕೈಯಲ್ಲೇ ಅಳೆದುಕೊಳ್ಳುತ್ತಾರೆ, ಸ್ಕೇಲ್ ಬೇಡ. 1788ರಿಂದ 1804ರವರೆಗೆ ಹದಿನೇಳು ಗೇಣು.

ದಾರ ಕಟ್ಟುವುದಕ್ಕೆ ಒಂದೇ ನಿಯಮ. ಹಾಯಿ ಹಡಗಿನಲ್ಲಿ ಸುದ್ದಿ ಈ ದಡದಿಂದ ಆ ದಡಕ್ಕೆ ಹೋಗಲು ಹೆಚ್ಚುಕಡಿಮೆ ಎರಡು ತಿಂಗಳು ಬೇಕಿತ್ತು. ಆದ್ದರಿಂದ ಒಂದು ಹಾಳೆಯಿಂದ ಹೊರಟ ದಾರ ಇನ್ನೊಂದು ಹಾಳೆಯನ್ನು ಎರಡು ಬೆರಳು ಮುಂದೆ ಮುಟ್ಟಬೇಕು. ನೇರ ಕೆಳಗೆ ಎಳೆಯುವ ಹಾಗಿಲ್ಲ. ಇಡೀ ಪಾಠ ನಿಂತಿರುವುದು ಈ ಎರಡು ಬೆರಳಿನ ಮೇಲೆ.

ಮೊದಲ ದಿನ ನಾನು ಕ್ರಾಂತಿ ಎಂಬ ಮಾತನ್ನೇ ಎತ್ತುವುದಿಲ್ಲ. ಪಾರಿವಾಳದಿಂದ ಶುರು ಮಾಡುತ್ತೇನೆ. 1789ರಲ್ಲಿ ಖಜಾನೆ ಬರಿದಾಗಿ, ರಾಜ ಹದಿನಾರನೇ ಲೂಯಿ ಪ್ರತಿನಿಧಿಗಳ ಮಹಾಸಭೆ ಕರೆದ. ಅಂಥ ಸಭೆ 1614ರ ನಂತರ ಸೇರಿರಲೇ ಇಲ್ಲ. ಸಭೆಗೆ ಮೊದಲು ಊರೂರಿನವರೂ ತಮ್ಮ ದೂರು ಬರೆದು ಕಳಿಸಬೇಕಿತ್ತು. ಹಾಗೆ ಬಂದ ಸಾವಿರಾರು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಒಂದು ದೂರು ಜಮೀನ್ದಾರರ ಪಾರಿವಾಳದ್ದು. ಪಾರಿವಾಳದ ಗೂಡು ಕಟ್ಟಿಸುವ ಹಕ್ಕು ದೊಡ್ಡವರದ್ದು. ಅವು ಬಂದು ಬಿತ್ತಿದ ಬೀಜ ಹೆಕ್ಕಿ ತಿನ್ನುತ್ತಿದ್ದರೂ ರೈತ ಹೊಡೆಯುವ ಹಾಗಿಲ್ಲ. ಇನ್ನೊಂದು ದೂರು ಉಪ್ಪಿನ ತೆರಿಗೆ. ಕೆಲವು ಪ್ರಾಂತ್ಯಗಳಲ್ಲಿ ಬೇಕೋ ಬೇಡವೋ, ತಲೆಗೆ ಇಷ್ಟು ಉಪ್ಪು ಕೊಳ್ಳಲೇಬೇಕಿತ್ತು. ಇಂಥ ದೂರುಗಳನ್ನು ಚೀಟಿಯಲ್ಲಿ ಬರೆದು ಒಬ್ಬೊಬ್ಬರ ಕೈಗೂ ಕೊಡುತ್ತೇನೆ. ಆ ರೈತನಾಗಿ ನಾಲ್ಕು ಸಾಲು ಬರೆಯಿರಿ ಎನ್ನುತ್ತೇನೆ. ಆಗಸ್ಟ್ 4ರ ರಾತ್ರಿ ಸಭೆ ಜಮೀನ್ದಾರಿ ಹಕ್ಕುಗಳನ್ನು ರದ್ದು ಮಾಡಿದ ಭಾಗಕ್ಕೆ ಬಂದಾಗ, ಆ ತೀರ್ಮಾನಗಳ ಎರಡನೇ ಕಲಮನ್ನೇ ಓದಿ ಹೇಳುತ್ತೇನೆ. ಅದು ಪಾರಿವಾಳದ ಗೂಡಿನದ್ದು. ಪಾರಿವಾಳದ ಚೀಟಿ ಸಿಕ್ಕ ಮಗು ತಾನೇ ಎದ್ದು ಬಂದು ಅದನ್ನು ಗೋಡೆಗೆ ಚುಚ್ಚುತ್ತದೆ. ಆ ಮಗು ಆಗಸ್ಟ್ 4ನ್ನು ಮತ್ತೆ ಮರೆಯುವುದಿಲ್ಲ.

ಜನ ಮುತ್ತಿಗೆ ಹಾಕಿದ ಪ್ಯಾರಿಸ್ಸಿನ ಸೆರೆಮನೆ-ಕೋಟೆ ಬ್ಯಾಸ್ಟಿಲ್ ಬಗ್ಗೆ ಜಾಸ್ತಿ ಹೊತ್ತು ಕಳೆಯುವುದಿಲ್ಲ. ಜನ ಅದನ್ನು ಮುತ್ತಿದ ದಿನ ಬೆಳಿಗ್ಗೆ ಇನ್ನೊಂದು ಕಡೆ ಬಂದೂಕು ಎತ್ತಿಕೊಂಡಿದ್ದರು, ಮದ್ದು ಬೇಕಿತ್ತು, ಮದ್ದು ಆ ಕೋಟೆಯಲ್ಲಿತ್ತು. ಒಳಗಿದ್ದ ಕೈದಿಗಳು ಬರೀ ಏಳು ಜನ. ರಾಜನ ದಿನಚರಿಯಲ್ಲಿ ಅವತ್ತಿನ ಸಾಲು "ಏನೂ ಇಲ್ಲ" ಎಂದಿದೆ. ಇದನ್ನು ಹೇಳುವಾಗ ಅವನು ಬರೆದದ್ದು ಬೇಟೆಯ ಲೆಕ್ಕ ಎಂದೂ ಹೇಳಿಬಿಡುತ್ತೇನೆ. ಪ್ಯಾರಿಸ್ಸಿನಲ್ಲಿ ಏನೂ ನಡೆಯಲಿಲ್ಲ ಎಂದು ಅವನು ಬರೆದನೆಂದು ಮಕ್ಕಳು ತಿಳಿದುಕೊಳ್ಳಬಾರದು. ರಾಜನ ವಿರುದ್ಧದ ಪಾಠವಾದರೂ ರಾಜನ ಬಗ್ಗೆ ಸುಳ್ಳು ಹೇಳಬಾರದು.

ಮೂರನೇ ದಿನ ಹಕ್ಕುಗಳ ಘೋಷಣೆ, ಆಗಸ್ಟ್ 26, 1789. ತರಗತಿಯನ್ನು ಎರಡು ಗುಂಪು ಮಾಡುತ್ತೇನೆ. ಒಂದು ಗುಂಪಿಗೆ ಮೊದಲ ಕಲಮು: ಮನುಷ್ಯರು ಸ್ವತಂತ್ರರಾಗಿ, ಹಕ್ಕುಗಳಲ್ಲಿ ಸಮಾನರಾಗಿ ಹುಟ್ಟುತ್ತಾರೆ, ಹಾಗೆಯೇ ಇರುತ್ತಾರೆ. ಇನ್ನೊಂದು ಗುಂಪಿಗೆ ಕೊನೆಯ, ಅಂದರೆ 17ನೇ ಕಲಮು: ಆಸ್ತಿಯ ಹಕ್ಕು ಪವಿತ್ರವಾದದ್ದು, ಅದನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೆ ಕೆಳಗಿನ ಹಾಳೆಯ ಹತ್ತಿರ ಹೋಗಿ ಕೇಳುತ್ತೇನೆ, "ಇಲ್ಲಿನ ಗುಲಾಮನಿಗೆ ಯಾವ ಕಲಮು?" ಎರಡು ಗುಂಪೂ ತಮ್ಮ ಕಲಮನ್ನು ಓದಿ ನೋಡಿಕೊಳ್ಳುತ್ತವೆ. ಮೊದಲನೆಯದರ ಪ್ರಕಾರ ಅವನು ಮನುಷ್ಯ. ತೋಟದ ಲೆಕ್ಕದ ಪುಸ್ತಕದ ಪ್ರಕಾರ ಅವನು ಆಸ್ತಿ, ಅವನ ಹೆಸರಿನ ಎದುರು ಬೆಲೆ ಬರೆದಿದೆ. ತೋಟದ ಮಾಲೀಕರು ಹಿಡಿದು ಕೂತದ್ದು ಆಸ್ತಿಯ ವಾದವನ್ನೇ. ಇಲ್ಲಿ ತರಗತಿ ತಾನಾಗಿ ಸುಮ್ಮನಾಗುತ್ತದೆ. ನಾನೂ ಆ ಮೌನವನ್ನು ಒಡೆಯಲು ಹೋಗುವುದಿಲ್ಲ.

ಆಮೇಲೆ ದಾರ. ಮೇಲಿನ ಹಾಳೆಯ ಆಗಸ್ಟ್ 1789ರಿಂದ ಹೊರಟದ್ದು ಎರಡು ಬೆರಳು ಮುಂದೆ ಕೆಳಗಿನ ಹಾಳೆ ಮುಟ್ಟುತ್ತದೆ. ಅಲ್ಲಿ ಮೊದಲು ಎದ್ದವರು ಗುಲಾಮರಲ್ಲ, ಗುಲಾಮಗಿರಿಯಿಂದ ಹೊರಗಿದ್ದ ಮಿಶ್ರವರ್ಣದವರು. ಅವರಲ್ಲೊಬ್ಬನಾದ ವಿನ್ಸೆಂಟ್ ಓಜೆ ಪ್ಯಾರಿಸ್ಸಿನಲ್ಲಿ ತನ್ನವರಿಗೆ ಮತದ ಹಕ್ಕು ಕೇಳಿ, ಸಿಗದೆ, 1790ರಲ್ಲಿ ಊರಿಗೆ ಮರಳಿ ದಂಗೆ ಎದ್ದ. 1791ರ ಫೆಬ್ರವರಿಯಲ್ಲಿ ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಅವನು ಕೇಳಿದ್ದು ತನ್ನಂಥ ಸ್ವತಂತ್ರರ ಹಕ್ಕನ್ನು ಮಾತ್ರ, ಗುಲಾಮರ ಬಿಡುಗಡೆಯನ್ನಲ್ಲ. ಇದನ್ನೂ ಬರೆಯುತ್ತೇವೆ.

1791ರ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನ ತೋಟಗಳಲ್ಲಿ ಗುಲಾಮರು ಎದ್ದರು. ಕೆಲವೇ ವಾರಗಳಲ್ಲಿ ನೂರಾರು ತೋಟ ಸುಟ್ಟುಹೋದವು. ಮಕ್ಕಳು ಮೊದಲ ಸಲ ದಾರವನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವುದು ಇಲ್ಲಿ. ಅದು ಪ್ಯಾರಿಸ್ಸನ್ನು ಮುಟ್ಟುವುದು ಅಕ್ಟೋಬರ್ ಕೊನೆಗೆ. ಮೇಲೆ ನೋಡಿದರೆ ಅಷ್ಟರಲ್ಲಿ ರಾಜ ಓಡಿಹೋಗಲು ಹೊರಟು ವರೆನ್ನ ಎಂಬ ಊರಲ್ಲಿ ಸಿಕ್ಕಿಬಿದ್ದು ನಾಲ್ಕು ತಿಂಗಳಾಗಿದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. 1793ರ ಜನವರಿ 21ರಂದು ಲೂಯಿಯ ತಲೆ ಬಿತ್ತು. ಬ್ರಿಟನ್, ಸ್ಪೇನ್ ಎರಡೂ ಯುದ್ಧಕ್ಕೆ ಬಂದವು, ಸಾಂ ಡೊಮಿಂಗನ್ನೂ ಕಿತ್ತುಕೊಳ್ಳಲು ನೋಡಿದವು. ಅಲ್ಲಿದ್ದ ಫ್ರಾನ್ಸಿನ ಅಧಿಕಾರಿ ಸೊಂತೊನಾಕ್ಸ್ ಹತ್ತಿರ ಸಾಕಷ್ಟು ಸೈನಿಕರಿಲ್ಲ. ಬಂದೂಕು ಹಿಡಿದಿದ್ದ ದೊಡ್ಡ ಪಡೆ ಎಂದರೆ ಎರಡು ವರ್ಷದಿಂದ ಹೋರಾಡುತ್ತಿದ್ದ ಮಾಜಿ ಗುಲಾಮರೇ. ಅವರನ್ನು ತನ್ನ ಕಡೆ ಎಳೆದುಕೊಳ್ಳಲು ಆಗಸ್ಟ್ 29, 1793ರಂದು ಅವನು ಉತ್ತರ ಪ್ರಾಂತ್ಯದಲ್ಲಿ ಗುಲಾಮಗಿರಿ ರದ್ದು ಎಂದು ಸಾರಿದ. ಪ್ಯಾರಿಸ್ಸಿನ ಅಪ್ಪಣೆ ಇರಲಿಲ್ಲ. ಆಮೇಲೆ ಮೂವರು ಪ್ರತಿನಿಧಿಗಳು ಹಡಗು ಹತ್ತಿದರು. ಅವರಲ್ಲಿ ಒಬ್ಬ ಜಾನ್ ಬ್ಯಾಪ್ಟಿಸ್ಟ್ ಬೆಲ್ಲೆ. ಒಂದು ಕಾಲಕ್ಕೆ ಗುಲಾಮನಾಗಿದ್ದು, ದುಡಿದು ದುಡ್ಡು ಕೂಡಿಸಿ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡವನು. 1794ರ ಫೆಬ್ರವರಿ 3ರಂದು ಅವರು ಪ್ಯಾರಿಸ್ಸಿನ ಸಭೆಯಲ್ಲಿ ಕೂತರು. ಮರುದಿನ, ಫೆಬ್ರವರಿ 4, ಸಭೆ ಎಲ್ಲ ವಸಾಹತುಗಳಲ್ಲೂ ಗುಲಾಮಗಿರಿ ರದ್ದು ಮಾಡಿತು.

ದಾರ ಕಟ್ಟಲು ಬಂದ ಮಕ್ಕಳು ಪ್ರತಿ ವರ್ಷ ಇಲ್ಲಿ ಒಂದು ತಪ್ಪು ಮಾಡುತ್ತಾರೆ. 1794ರ ಕಾನೂನಿನಿಂದ ಕೆಳಗಿನ ಹಾಳೆಯ ಬಿಡುಗಡೆಗೆ ದಾರ ಎಳೆಯಲು ನೋಡುತ್ತಾರೆ. ಆಗುವುದಿಲ್ಲ, ಹಿಂದಕ್ಕೆ ಎಳೆಯಬೇಕಾಗುತ್ತದೆ. ಹಡಗು ಹಿಂದಿನ ತಿಂಗಳಿಗೆ ಹೋಗುವುದಿಲ್ಲ ಅಲ್ವಾ? ಒಂದು ಸಲ ಒಬ್ಬ ಹುಡುಗ ಪಿನ್ನು ಹಿಡಿದು ಸುಮಾರು ಹೊತ್ತು ನಿಂತ. ಆಮೇಲೆ ಮೆಲ್ಲಗೆ, "ಮೇಡಂ, ಇದು ಮೇಲಿಂದ ಬಂದಿದ್ದಲ್ಲ, ಇಲ್ಲಿಂದ ಹೋಗಿದ್ದು" ಅಂದ. ಆ ಹುಡುಗಿ ಕೇಳಿದ ಐದು ವರ್ಷದ ಲೆಕ್ಕ ಅದೇ. ಕೊಡುವವರು ತಡ ಮಾಡಿದರು ಎಂದು ನಾವು ಓದುತ್ತಿದ್ದೆವು. ಪಡೆದುಕೊಳ್ಳುವವರು ಅಷ್ಟರಲ್ಲಿ ಪಡೆದುಕೊಂಡಾಗಿತ್ತು.

ಮುಂದಿನದು ಬೇಗ ಸಾಗುತ್ತದೆ. ಗುಲಾಮನಾಗಿ ಹುಟ್ಟಿ ಸೇನಾಪತಿಯಾದ ಟೂಸಾಂ ಲೂವರ್ತ್ಯೂರ್ ಸಾಂ ಡೊಮಿಂಗನ್ನು ಆಳಿದ್ದು, 1802ರಲ್ಲಿ ನೆಪೋಲಿಯನ್ ಕಳಿಸಿದ ಸೈನ್ಯ ಬಂದಿಳಿದದ್ದು, ಟೂಸಾಂನನ್ನು ಮೋಸದಿಂದ ಹಿಡಿದು ಫ್ರಾನ್ಸಿನ ಚಳಿಯ ಕೋಟೆಯೊಂದಕ್ಕೆ ಸಾಗಿಸಿದ್ದು, 1803ರ ಏಪ್ರಿಲ್‌ನಲ್ಲಿ ಅವನು ಅಲ್ಲೇ ಸತ್ತದ್ದು. ಅದೇ 1803ರ ಮೇ ತಿಂಗಳಲ್ಲಿ ಟೂಸಾಂನ ಸೇನಾಪತಿಯಾಗಿದ್ದ ಡೆಸ್ಸಲೀನ್ ಫ್ರಾನ್ಸಿನ ಮೂರು ಬಣ್ಣದ ಬಾವುಟದಿಂದ ನಡುವಿನ ಬಿಳಿಯನ್ನು ಹರಿದು ತೆಗೆದ, ಉಳಿದ ನೀಲಿಯನ್ನೂ ಕೆಂಪನ್ನೂ ಸೇರಿಸಿ ಹೊಲಿದರು ಎಂದು ಹೈಟಿಯವರು ಹೇಳುತ್ತಾರೆ. ಇದನ್ನು ಬಾಯಲ್ಲಿ ಹೇಳುವುದಿಲ್ಲ. ಕಾಗದದ ಬಾವುಟ ಕೊಟ್ಟು ಮಕ್ಕಳಿಂದಲೇ ಹರಿಸುತ್ತೇನೆ. 1804ರ ಜನವರಿ 1ಕ್ಕೆ ಹೈಟಿ ಸ್ವತಂತ್ರವಾಯಿತು. ಆ ಹೆಸರು ಅಲ್ಲಿನ ಮೂಲ ನಿವಾಸಿಗಳ ಮಾತಿನದ್ದು, ಬೆಟ್ಟಗಳ ನಾಡು ಎಂದರ್ಥ.

ಅದೇ ವರ್ಷ ಡೆಸ್ಸಲೀನ್ ಉಳಿದ ಫ್ರೆಂಚರನ್ನು ಕೊಲ್ಲಿಸಿದ. ಹೆಂಗಸರು ಮಕ್ಕಳೂ ಸತ್ತರು. ಮೇಲಿನ ಹಾಳೆಯಲ್ಲೂ 1793-94ರ ಗಿಲೊಟಿನ್, ಅಂದರೆ ತಲೆ ಕಡಿಯುವ ಯಂತ್ರ, ಇದೆ. ಹೆಂಗಸರ ಹಕ್ಕುಗಳ ಘೋಷಣೆ ಬರೆದ ಒಲಂಪ್ ದ ಗೂಜ್ ಕೂಡ ಅದಕ್ಕೆ ಬಲಿಯಾದಳು. ಮಕ್ಕಳಿಗೆ ಇದೆಲ್ಲ ಯಾಕೆ ಎಂದು ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ಗೆದ್ದವರ ಕೈಯ ರಕ್ತವನ್ನು ಮುಚ್ಚಿಟ್ಟರೆ ನಾಳೆ ಮಕ್ಕಳು ಬೇರೆ ಕಡೆ ಓದಿ ನನ್ನ ಪಾಠವನ್ನೇ ನಂಬುವುದಿಲ್ಲ. ಎರಡೂ ಹಾಳೆಯ ಮೇಲೆ ಅದು ಇರಲೇಬೇಕು.

1804ಕ್ಕೆ ಹಾಳೆ ಮುಗಿಯುತ್ತದೆ, ಕಥೆ ಮುಗಿಯುವುದಿಲ್ಲ. ಹಾಗಾಗಿ ಬಲಗಡೆ ಇನ್ನೊಂದು ಹಾಳೆ ಅಂಟಿಸುತ್ತೇವೆ. 1816ರಲ್ಲಿ ಹೈಟಿಯ ಅಧ್ಯಕ್ಷ ಪೇತ್ಯೋಂ, ದಕ್ಷಿಣ ಅಮೆರಿಕದಲ್ಲಿ ಸ್ಪೇನ್ ವಿರುದ್ಧ ಹೋರಾಡಿ ಸೋತು ಬಂದ ಸಿಮೋನ್ ಬೊಲಿವಾರ್‌ಗೆ ಬಂದೂಕು, ಮದ್ದು, ಹಡಗು ಕೊಟ್ಟ. ಬೊಲಿವಾರ್ ಬಿಡಿಸುವ ನೆಲದಲ್ಲಿ ಗುಲಾಮರನ್ನೂ ಬಿಡಬೇಕು ಎಂಬುದು ಅವನ ಷರತ್ತು. ಆ ದಾರ ದಕ್ಷಿಣ ಅಮೆರಿಕಕ್ಕೆ ಹೋಗುತ್ತದೆ. ಇನ್ನೊಂದು ದಾರ 1825ರದ್ದು. ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ 14 ಯುದ್ಧನೌಕೆ ಕಳಿಸಿ, ನಿಮ್ಮ ಸ್ವಾತಂತ್ರ್ಯ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಎಂದ. ತೋಟದ ಮಾಲೀಕರ ನಷ್ಟಕ್ಕೆ ಪರಿಹಾರವಂತೆ. ಆ ನಷ್ಟದಲ್ಲಿ ಬಿಡುಗಡೆಯಾದ ಮನುಷ್ಯರ ಬೆಲೆಯೂ ಸೇರಿತ್ತು! ಇದೇ ಫ್ರಾನ್ಸ್ 1803ರಲ್ಲಿ ಇಡೀ ಲೂಯಿಸಿಯಾನವನ್ನು ಅಮೆರಿಕಕ್ಕೆ ಮಾರಿದ್ದು ಸುಮಾರು 8 ಕೋಟಿ ಫ್ರಾಂಕಿಗೆ. ಎರಡು ಅಂಕಿಗಳನ್ನೂ ಅಕ್ಕಪಕ್ಕ ಬರೆದು, ಭೂಪಟದಲ್ಲಿ ಎರಡು ಜಾಗವನ್ನೂ ತೋರಿಸುತ್ತೇನೆ. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಮೊದಲ ಕಂತು ಕಟ್ಟಲೇ ಹೈಟಿ ಫ್ರಾನ್ಸಿನ ಬ್ಯಾಂಕುಗಳಿಂದ ಸಾಲ ಎತ್ತಬೇಕಾಯಿತು. ಸಾಲಕ್ಕೆ ಸಾಲ ಸೇರಿ, ಅದರ ಬಾಲ ತೀರಿದ್ದು 1947ರಲ್ಲಿ. ಇದನ್ನು ಹೇಳಿ ಮುಗಿಸಿದಾಗ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ಇಷ್ಟಕ್ಕೆ ನನಗೆ ಎಂಟು ಪೀರಿಯಡ್ ಬೇಕು. ಮೂರೇ ಸಿಕ್ಕ ವರ್ಷವೂ ಇದೆ. ಆಗ ಬ್ಯಾಸ್ಟಿಲ್ ಬಿಟ್ಟೆ, ನೆಪೋಲಿಯನ್ನನನ್ನು ಒಂದು ಸಾಲಿಗೆ ಇಳಿಸಿದೆ. ಪಾರಿವಾಳ, ಎರಡು ಕಲಮು, ಹಿಂದಕ್ಕೆ ಹೋಗದ ಆ ದಾರ, ಈ ಮೂರನ್ನು ಬಿಡಲಿಲ್ಲ. ಮಾಡಿ ನೋಡುವವರು ದಾರ ಸ್ವಲ್ಪ ದಪ್ಪದ್ದೇ ತನ್ನಿ. ತೆಳುವಾದದ್ದು ಹಿಂದಿನ ಬೆಂಚಿಗೆ ಕಾಣುವುದಿಲ್ಲ.