ಸಂಡೇ ಸ್ಕೂಲ್ ಮಕ್ಕಳ ಜೊತೆ ಮನೆಮನೆಗೆ: ನನ್ನ ಅನುಭವ

ನಾನು ಧಾರವಾಡದ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬಹಳ ವರ್ಷಗಳಿಂದ ಸಂಡೇ ಸ್ಕೂಲ್ ಟೀಚರ್. ಮಕ್ಕಳಿಗೆ ವಾಕ್ಯ ಬಾಯಿಪಾಠ ಮಾಡಿಸುವುದು, ಕ್ರಿಸ್ಮಸ್ ನಾಟಕ ಕಲಿಸುವುದು ನಮ್ಮ ಪಾಲಿನ ಕೆಲಸ. ಕಾಯಿಲೆ ಬಿದ್ದವರ ಮನೆಗೆ ಹೋಗುವುದು ಅಯ್ಯನವರ (ಪಾದ್ರಿಯವರ) ಪಾಲು, ಸ್ತ್ರೀಯರ ಸಂಘದ ಪಾಲು. ಹೀಗೇ ನಡೆದುಕೊಂಡು ಬಂದಿತ್ತು. ಈಗ ನಮ್ಮಲ್ಲಿ ಈ ಎರಡೂ ಕೂಡಿಯೇ ನಡೆಯುತ್ತವೆ. ಹೇಗೆ ಮಾಡಿದಿರಿ ಅಂತ ಬೇರೆ ಸಭೆಯ ಟೀಚರ್‌ಗಳು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಬೈಬಲ್‌ನ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯದಿಂದ. ಯೆರೂಸಲೇಮಿನ ಸಭೆಯಲ್ಲಿ ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಯಾರೂ ಗಮನಿಸುತ್ತಿರಲಿಲ್ಲ. ಗೊಣಗಾಟ ಎದ್ದಿತು. ಆಗ ಏಳು ಜನರನ್ನು ಆರಿಸಿ ಆ ಕೆಲಸಕ್ಕೇ ನೇಮಿಸಿದರು. ಸಾಮಾನ್ಯವಾಗಿ ನಾವು ಏಳು ಹೆಸರು ಹೇಳಿಸಿ, ಆ ಏಳರಲ್ಲಿ ಒಬ್ಬನಾದ ಸ್ತೆಫನನ ಕಥೆಗೆ ದಾಟಿಬಿಡುತ್ತೇವೆ. ಆ ವಾರ ನಾನು ಅಲ್ಲೇ ನಿಂತೆ. "ನಮ್ಮ ಸಭೆಯಲ್ಲಿ ಯಾರನ್ನು ಬಿಟ್ಟುಬಿಟ್ಟಿದ್ದೇವೆ?" ಅಂತ ಕೇಳಿದೆ.

ಮಕ್ಕಳು ಯೋಚನೆ ಮಾಡಲು ಟೈಮೇ ತಗೊಳ್ಳಲಿಲ್ಲ. "ಹಿಂದಿನ ಬೆಂಚಿನ ಅಜ್ಜಿ ಈಗ ಬರೋದೇ ಇಲ್ಲ ಟೀಚರ್." "ಸೈಕಲ್ ಅಂಕಲ್ ಆಶೀರ್ವಾದ ಆಗೋಕ್ಕಿಂತ ಮುಂಚೆನೇ ಹೋಗಿಬಿಡ್ತಾರೆ, ಅವರ ಜೊತೆ ಯಾರೂ ಮಾತಾಡಲ್ಲ." ಒಬ್ಬ ಹುಡುಗ ತನ್ನ ತಾತನ ಹೆಸರನ್ನೇ ಹೇಳಿದ. ಬೋರ್ಡ್ ತುಂಬಿತು. ಚಂದಾ ಕಟ್ಟಿದವರ ಲೆಕ್ಕ ಇಡುವ ಸಭಾ ಸಮಿತಿಯ ಪುಸ್ತಕದಲ್ಲಿ ಇಂಥ ಪಟ್ಟಿ ಎಲ್ಲೂ ಸಿಗುವುದಿಲ್ಲ.

ಅಯ್ಯನವರ ಒಪ್ಪಿಗೆ ಪಡೆದು ಮನೆ ಭೇಟಿ ಶುರು ಮಾಡಿದೆವು. ತಿಂಗಳಿಗೊಂದು ಭಾನುವಾರ, ಆರಾಧನೆ ಮುಗಿದ ಮೇಲೆ. ಮೂರು ನಾಲ್ಕು ಮಕ್ಕಳು, ಅವರ ಜೊತೆ ಕಡ್ಡಾಯವಾಗಿ ಇಬ್ಬರು ದೊಡ್ಡವರು. ಮಕ್ಕಳ ಮನೆಯವರಿಗೆ ಮೊದಲೇ ಹೇಳಿರುತ್ತೇವೆ. ಹೋಗುವ ಮನೆಗೂ ಫೋನ್ ಮಾಡಿ ಕೇಳುತ್ತೇವೆ. ಬೇಡ ಅಂದರೆ ಬೇಡ. ಅರ್ಧ ಗಂಟೆ ದಾಟಬಾರದು. ಫೋಟೋ ತೆಗೆಯುವ ಹಾಗಿಲ್ಲ. ಸ್ವೀಟ್ ಬೇಡ, ಅರ್ಧ ಜನಕ್ಕೆ ಶುಗರ್ ಇರುತ್ತೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದರೆ ವಾರಗಟ್ಟಲೆ ಇರುತ್ತದೆ.

ಏನು ಓದಬೇಕು ಅನ್ನುವುದೂ ಮುಖ್ಯ. ಮಲಗಿದಲ್ಲೇ ಇರುವವರ ಮುಂದೆ ಮಕ್ಕಳಿಂದ ಪವಾಡದ ಕಥೆ ಓದಿಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾರ್ಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ನಾಲ್ಕು ಜನ ಮನೆಯ ಚಾವಣಿ ತೆಗೆದು ಪಾರ್ಶ್ವವಾಯು ರೋಗಿಯನ್ನು ಇಳಿಸಿದ ಕಥೆ ಕ್ಲಾಸಿನಲ್ಲಿ ಚೆನ್ನ. ಆದರೆ ಎಷ್ಟೋ ವರ್ಷಗಳಿಂದ ಏಳಲಾಗದೆ ಇರುವವರಿಗೆ "ಎದ್ದು ನಡೆ" ಅನ್ನುವ ಮಾತು ಹೇಗೆ ಕೇಳಿಸಬಹುದು? ಬೈಬಲ್‌ನ ಕೀರ್ತನೆ 23, ಇಲ್ಲವೇ 121 ಸಾಕು. ಅವರೇ ಬೇರೆ ಏನಾದರೂ ಕೇಳಿದರೆ ಅದನ್ನೇ ಓದುತ್ತೇವೆ.

ಹಿಂದಿನ ಬೆಂಚಿನ ಅಜ್ಜಿಯ ಮನೆಯಲ್ಲಿ ಒಂದು ಹುಡುಗಿ 23ನೇ ಕೀರ್ತನೆ ಓದಲು ಶುರು ಮಾಡಿದಳು. ಅಜ್ಜಿಗೆ ಕಣ್ಣಿಗೆ ಪೊರೆ ಬಂದಿದೆ, ಓದಲಾಗದು. ಆದರೆ ಹುಡುಗಿ ಒಂದು ಸಾಲು ಮುಗಿಸುವಷ್ಟರಲ್ಲಿ ಅಜ್ಜಿ ಮುಂದಿನ ಸಾಲಿಗೆ ಹೋಗಿರುತ್ತಿದ್ದರು. ಕೊನೆಗೆ ಹುಡುಗಿ ಸತ್ಯವೇದ (ಬೈಬಲ್) ಮುಚ್ಚಿ ಸುಮ್ನೆ ಕೇಳುತ್ತಾ ಕೂತಳು. ಆಮೇಲೆ ಹಾಡು. ನಾವು ಹಾಡಿದ್ದು ಅಜ್ಜಿಗೆ ಹಿಡಿಸಲಿಲ್ಲ. "ಅದು ಹಂಗಲ್ಲವಾ, ಓಡಬ್ಯಾಡ್ರಿ" ಅಂದವರೇ ಸ್ಟೀಲ್ ತಂಬಿಗೆಯ ಮೇಲೆ ಬೆರಳಿನಿಂದ ತಾಳ ಹಾಕಿ ಹಳೇ ರಾಗ ಹೇಳಿಕೊಟ್ಟರು. ನಮ್ಮ ಸಂಗೀತ ಪುಸ್ತಕದಲ್ಲಿ ಇರುವುದು ಪದ ಮಾತ್ರ, ರಾಗ ಹಿರಿಯರ ಬಾಯಲ್ಲೇ ಉಳಿದಿದೆ. ಮಕ್ಕಳು ಅದೇ ರಾಗವನ್ನು ಆರಾಧನೆಯಲ್ಲಿ ಹಾಡಿದರು. ಕೀಬೋರ್ಡ್ ಬಾರಿಸುವ ತಮ್ಮನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು! ಅಂದಿನಿಂದ ಆ ಅಜ್ಜಿಯ ಹೆಸರು ನಮ್ಮ ಟೀಚರ್‌ಗಳ ಪಟ್ಟಿಗೂ ಸೇರಿದೆ.

"ಓದುವ ಮಕ್ಕಳಿಗೆ ಇದೆಲ್ಲ ಯಾಕೆ, ಪಾಠ ಹಿಂದೆ ಬೀಳಲ್ವಾ?" ಅಂತ ಕೆಲವು ತಂದೆತಾಯಿಗಳು ಕೇಳಿದರು. ಪಾಠವೂ ಸೇವೆಯೂ ಮೊದಲಿನಿಂದ ಜೊತೆಗೇ ಬಂದಿವೆ ಅಂತ ಅವರಿಗೆ ಹಳೇ ಕಥೆ ನೆನಪಿಸಿದೆ. 1780ರ ಸುಮಾರಿಗೆ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲ್ ಶುರು ಮಾಡಿದ್ದು ವಾರವೆಲ್ಲ ದುಡಿಯುವ ಬಡ ಮಕ್ಕಳಿಗಾಗಿ. ಅವರಿಗೆ ಬಿಡುವು ಇದ್ದದ್ದೇ ಭಾನುವಾರ. ನಮ್ಮ ಕಡೆಯೂ ಅಷ್ಟೇ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಕ್ರೈಸ್ತ ಸೇವಾ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಶಾಲೆ ತೆರೆದು ಸುಮ್ಮನಿರಲಿಲ್ಲ. ಕ್ರೈಸ್ತರಾದ ಮೇಲೆ ಕುಲಕಸುಬು, ಜಮೀನು ಕಳೆದುಕೊಂಡವರ ಹೊಟ್ಟೆಪಾಡಿಗೆ ನೇಯ್ಗೆ ಕಲಿಸಿದರು. 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು.

ದೃಢೀಕರಣದ ಕ್ಲಾಸಿನ (ಸಭೆಯ ಪೂರ್ಣ ಸದಸ್ಯರಾಗಲು ತಯಾರಾಗುವ) ಹುಡುಗರಿಗೆ ಬೇರೆ ಕೆಲಸ ಕೊಟ್ಟೆವು. ಸಂಧ್ಯಾ ಸುರಕ್ಷಾ, ವಿಧವಾ ವೇತನದ ಅರ್ಜಿ ತುಂಬುವುದು, ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸುವುದು, ಆಧಾರ್‌ಗೆ ಫೋನ್ ನಂಬರ್ ಜೋಡಿಸಲು ಹಿರಿಯರನ್ನು ಕರೆದುಕೊಂಡು ಹೋಗುವುದು. ಹತ್ತು ಆಜ್ಞೆಗಳಲ್ಲಿ ತಂದೆತಾಯಿಯನ್ನು ಸನ್ಮಾನಿಸು ಅನ್ನುವುದನ್ನು ವಿವರಿಸಲು ನನಗೆ ಆಮೇಲೆ ಜಾಸ್ತಿ ಮಾತು ಬೇಕಾಗಲಿಲ್ಲ.

ಎಲ್ಲಕ್ಕೂ ಒಂದು ನೋಟ್‌ಬುಕ್ ಇದೆ. ಯಾರ ಮನೆ, ಏನು ಬೇಕು, ಯಾರು ಹೊತ್ತುಕೊಂಡರು, ಆಯಿತೋ ಇಲ್ಲವೋ, ಇಷ್ಟೇ ಬರೆಯುತ್ತೇವೆ. ಕಾಯಿಲೆ ಯಾಕೆ ಬಂತು, ಮಗ ಯಾಕೆ ಮನೆ ಬಿಟ್ಟ, ಇದ್ಯಾವುದೂ ಅದರಲ್ಲಿ ಇರಬಾರದು. ಸಭೆಗಳಲ್ಲಿ ಚಾಡಿಮಾತು ಎಷ್ಟೋ ಸಲ "ಪ್ರಾರ್ಥನಾ ವಿಷಯ" ಅನ್ನುವ ವೇಷ ಹಾಕಿಕೊಂಡೇ ಬರುತ್ತದೆ. "ಅವರ ಮನೆಯಲ್ಲಿ ಹೀಗಂತೆ, ಪ್ರಾರ್ಥನೆ ಮಾಡ್ರಿ" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಿದ್ದರೆ ಆ ಮನೆಯವರು ಮತ್ತೆ ಗುಡಿಯ ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೆ ಗ್ರೂಪಿನಲ್ಲಿ ಹೆಸರು ಹಾಕುವ ಮುಂಚೆ ಅವರನ್ನೇ ಕೇಳಬೇಕು ಅಂತ ನಿಯಮ ಮಾಡಿದ್ದೇವೆ. ಹಣದ ಸಹಾಯವೂ ಹಾಗೆಯೇ. ಇಬ್ಬರು ಹಿರಿಯರು ಲಕೋಟೆ ಕೊಟ್ಟು ಬರುತ್ತಾರೆ. ವಾರ್ಷಿಕ ವರದಿಯಲ್ಲಿ ಒಟ್ಟು ಮೊತ್ತ ಮಾತ್ರ ಕಾಣುತ್ತದೆ.

ಇನ್ನೂ ಸರಿಹೋಗದೇ ಇರುವುದು ಆಸ್ಪತ್ರೆಯ ರಾತ್ರಿ ಸರದಿ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ (ಹಿಂದಿನ ಕಿಮ್ಸ್) ಯಾರಾದರೂ ಅಡ್ಮಿಟ್ ಆದರೆ ಹಗಲಿಗೆ ಜನ ಸಿಗುತ್ತಾರೆ, ರೊಟ್ಟಿ ಡಬ್ಬಿಯೂ ಹೋಗುತ್ತದೆ. ರಾತ್ರಿ ಬೆಂಚಿನ ಮೇಲೆ ಕೂರಲು ಗಂಡಸರು ಬೇಕು, ಅವರೇ ಸಿಗುವುದಿಲ್ಲ. ಬೆಂಗಳೂರಿಗೆ ಹೋದ ನಮ್ಮ ಹಳೇ ವಿದ್ಯಾರ್ಥಿಗಳು "ದುಡ್ಡು ಕಳಿಸ್ತೀವಿ ಟೀಚರ್" ಅನ್ನುತ್ತಾರೆ. ಕಳಿಸ್ರಪ್ಪಾ, ಬೇಡ ಅನ್ನಲ್ಲ. ಆದರೆ ರಜೆಗೆ ಬಂದಾಗ ಒಂದು ರಾತ್ರಿ ಕೊಡಿ ಅಂತ ಕೇಳುತ್ತೇನೆ. ಕ್ರಿಸ್ಮಸ್‌ಗೆ ಬಂದವರಲ್ಲಿ ಕೆಲವರು ಹೆಸರು ಬರೆಸಿ ಹೋದರು. ಮೇ ತಿಂಗಳ ಪುಟ ಖಾಲಿ ಇದೆ, ಈಗ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ.